ಚೌಕುಳಿ ಸೀರೆ ಮತ್ತು ಕಂಪೆನಿಯ ಲೆಕ್ಕ

ಮನೆಯಲ್ಲಿ ಈಚೆಗೆ ನಡೆದ ಒಂದು ಸಣ್ಣ ಮಾತುಕತೆ ನನ್ನನ್ನು ಬಿಡದೆ ಕಾಡುತ್ತಿದೆ. ಪರದೇಶದಲ್ಲಿರುವ ನನ್ನ ತಮ್ಮ, ರಜೆಗೆಂದು ಮಂಗಳೂರಿಗೆ ಬಂದವನು ತನಗೆ ಅಚ್ಚುಮೆಚ್ಚಿನ ಅಂಗಿಯೊಂದನ್ನು ತೋರಿಸಿದ. ಹಳದಿ, ಕಡುನೀಲಿ, ಇಟ್ಟಿಗೆಗೆಂಪು ಗೆರೆಗಳು ಒಂದನ್ನೊಂದು ಹಾದುಹೋಗುವ ತೆಳುವಾದ ಹತ್ತಿಬಟ್ಟೆ. ಇದು ಅಪ್ಪಟ ಮದ್ರಾಸ್ ಚೆಕ್ಸ್, ಅಮೆರಿಕದ ಕಾಲೇಜು ಹುಡುಗರು ಬೇಸಗೆಯಲ್ಲಿ ತೊಟ್ಟು ಬೆಳೆದ ಬಟ್ಟೆ ಎಂದು ಕೊರಳಪಟ್ಟಿಯ ಒಳಗಿನ ಚೀಟಿಯಲ್ಲಿ ಅಚ್ಚಾಗಿತ್ತು. ಅಮ್ಮ ಅದರ ತೋಳನ್ನು ಬೆರಳುಗಳ ನಡುವೆ ಉಜ್ಜಿ ನೋಡಿ, "ಇದು ನಮ್ಮ ಉಡುಪಿ ಸೀರೆಯ ಹಾಗೆಯೇ ಉಂಟಲ್ಲ ಮಗಾ" ಎಂದರು. ತಮ್ಮ ಒಪ್ಪಲಿಲ್ಲ. ಚೌಕುಳಿ ಮೂಲದಲ್ಲಿ ಸ್ಕಾಟ್ಲೆಂಡಿನದು, ಅಲ್ಲಿಂದ ಬಂದ ಸೈನಿಕರನ್ನು ನೋಡಿ ನಮ್ಮವರು ನೇಯಲು ಕಲಿತರು ಎಂದು ತಾನು ಎಲ್ಲೋ ಓದಿದ್ದನ್ನು ಹೇಳಿದ. ಅಮ್ಮ ವಾದಕ್ಕೆ ಇಳಿಯದೆ ಕಪಾಟಿನಿಂದ ತಮ್ಮದೇ ಸೀರೆಯನ್ನು ತಂದು ಅಂಗಿಯ ಪಕ್ಕದಲ್ಲಿ ಹರಡಿದರು. ಎರಡರ ಚೌಕದ ಅಳತೆಯೂ ಹೆಚ್ಚು ಕಡಿಮೆ ಒಂದೇ ಆಗಿತ್ತು.

ಆ ಮಾತು ಅಲ್ಲಿಗೆ ನಿಂತಿತು, ಆದರೆ ನನಗೆ ನಿಲ್ಲಿಸಲಾಗಲಿಲ್ಲ. ಚೌಕುಳಿ ನಮ್ಮ ಕಣ್ಣಿಗೆ ಎಷ್ಟು ಅಭ್ಯಾಸವಾಗಿದೆಯೆಂದರೆ ಅದನ್ನು ನಾವು ವಿನ್ಯಾಸವೆಂದೇ ಎಣಿಸುವುದಿಲ್ಲ. ಬಂದರಿನ ಧಕ್ಕೆಯಲ್ಲಿ ಮಂಜುಗಡ್ಡೆ ಹೊರುವವರ ಲುಂಗಿಯಲ್ಲಿ, ಮಲ್ಪೆಯಲ್ಲಿ ಬಲೆ ಹೆಣೆಯುವವರ ತಲೆಗೆ ಸುತ್ತಿದ ತುಂಡಿನಲ್ಲಿ, ಶಾಲೆಯ ಸಮವಸ್ತ್ರದಲ್ಲಿ, ಆಸ್ಪತ್ರೆಯ ಹೊದಿಕೆಯಲ್ಲಿ, ಅಜ್ಜಿಯಂದಿರ ನಿತ್ಯದ ಸೀರೆಯಲ್ಲಿ ಅದು ಇದ್ದೇ ಇರುತ್ತದೆ. ಮಗ್ಗದಲ್ಲಿ ಉದ್ದಕ್ಕೆ ಹೂಡುವ ಹಾಸಿನ ಎಳೆಗಳಲ್ಲಿ ಬಣ್ಣ ಬದಲಿಸಿ, ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆಗಳಲ್ಲಿ ಅದೇ ಲೆಕ್ಕವನ್ನು ಅನುಸರಿಸಿದರೆ ಚೌಕ ತಾನಾಗಿ ಮೂಡುತ್ತದೆ. ಮಗ್ಗ ಇದ್ದ ಯಾವ ನಾಡಿನಲ್ಲೂ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಾಗಿ ಇದನ್ನು ಮೊದಲು ಕಂಡುಹಿಡಿದವರು ಯಾರು ಎಂಬ ಪ್ರಶ್ನೆಗಿಂತ, ಇದನ್ನು ಯಾರು ಯಾರಿಗಾಗಿ ನೇಯ್ದರು, ನೇಯ್ದವರ ಮತ್ತು ಉಟ್ಟವರ ನಡುವೆ ಯಾರ ಲೆಕ್ಕದ ಪುಸ್ತಕ ಇತ್ತು ಎಂಬ ಪ್ರಶ್ನೆ ನನಗೆ ಮುಖ್ಯವಾಗಿ ಕಾಣುತ್ತದೆ. ತಮ್ಮನ ಅಂಗಿಯ ಚೀಟಿ ಹೇಳದೆ ಬಿಟ್ಟದ್ದು ಇದನ್ನೇ.

ಸ್ಕಾಟ್ಲೆಂಡಿನ ವಾದ

ಮೊದಲು ತಮ್ಮನ ಮಾತಿಗೆ ಉತ್ತರ ಹುಡುಕಬೇಕಿತ್ತು. ಸ್ಕಾಟ್ಲೆಂಡಿನ ಬೆಟ್ಟನಾಡಿನವರಾದ ಹೈಲ್ಯಾಂಡರ್ ಸೈನಿಕರು ದಕ್ಷಿಣ ಭಾರತಕ್ಕೆ ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಹೈದರಾಲಿ ಮತ್ತು ಟಿಪ್ಪುವಿನೊಂದಿಗೆ ನಡೆದ ಯುದ್ಧಗಳ ಕಾಲದಲ್ಲಿ. ಇದರಲ್ಲಿ ನಮ್ಮ ಊರಿನ ಪಾಲೂ ಇದೆ. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದಾಗ ಒಳಗೆ ಸಿಕ್ಕಿಬಿದ್ದವರಲ್ಲಿ 42ನೇ ಹೈಲ್ಯಾಂಡರ್ ರೆಜಿಮೆಂಟಿನ ಎರಡನೇ ಪಡೆಯವರಿದ್ದರು. ಜಾನ್ ಕ್ಯಾಂಪ್‌ಬೆಲ್ ಅವರ ನಾಯಕ. ತಿಂಗಳುಗಟ್ಟಲೆ ಹಸಿವು, ರೋಗಗಳಿಂದ ನರಳಿ 1784ರ ಜನವರಿಯಲ್ಲಿ ಅವರು ಕೋಟೆ ಬಿಟ್ಟುಕೊಟ್ಟರು. ಮಾರ್ಚಿನಲ್ಲಿ ಮಂಗಳೂರು ಒಪ್ಪಂದವಾಯಿತು. ಕಡುಹಸಿರು ಮತ್ತು ನೀಲಿಯ ಚೌಕುಳಿಗೆ ಪ್ರಸಿದ್ಧವಾದ 'ಬ್ಲ್ಯಾಕ್ ವಾಚ್' ಪಡೆ ಇದೇ. ಅಂದರೆ ಸ್ಕಾಟ್ಲೆಂಡಿನ ಚೌಕುಳಿಯವರು ನಮ್ಮ ಗುರುಪುರ ನದಿಯ ಬಾಯಿಗೆ ಬಂದಿದ್ದರೆಂಬುದು ನಿಜ.

ಆದರೆ ಇದಕ್ಕೂ ಒಂದು ಶತಮಾನದ ಹಿಂದೆಯೇ ಚೌಕುಳಿಯ ರುಮಾಲುಗಳು ಕೋರಮಂಡಲ ಕರಾವಳಿಯಿಂದ ಹಡಗೇರುತ್ತಿದ್ದವು. ಚೆನ್ನೈನ ಉತ್ತರಕ್ಕಿರುವ ಪಳವೇರ್ಕಾಡಿನಲ್ಲಿ ಡಚ್ಚರು 1613ರಲ್ಲಿ ಗೆಲ್ಡ್ರಿಯಾ ಕೋಟೆ ಕಟ್ಟಿದ್ದು ಬಟ್ಟೆಗಾಗಿ. ಆ ಬಟ್ಟೆಯನ್ನು ಕೊಟ್ಟು ಇಂಡೋನೇಷ್ಯಾದ ದ್ವೀಪಗಳಲ್ಲಿ ಅವರು ಸಂಬಾರ ಪದಾರ್ಥಗಳನ್ನು ಪಡೆಯುತ್ತಿದ್ದರು. ಇತ್ತ ಸ್ಕಾಟ್ಲೆಂಡಿನಲ್ಲೋ, 1745-46ರ ದಂಗೆಯ ನಂತರ ಬ್ರಿಟಿಷ್ ಸರಕಾರ ಹೈಲ್ಯಾಂಡಿನ ಗಂಡಸರು ಚೌಕುಳಿಯ ಉಡುಪು ತೊಡುವುದನ್ನೇ ನಿಷೇಧಿಸಿತ್ತು. ಸೈನಿಕರಿಗೆ ಮಾತ್ರ ವಿನಾಯಿತಿ. ನಿಷೇಧ ತೆರವಾದದ್ದು 1782ರಲ್ಲಿ. ಪ್ರತಿ ಕುಲಕ್ಕೂ ಒಂದು ನಿಗದಿಯಾದ ಚೌಕುಳಿ ಎಂಬ ಪದ್ಧತಿ ಬಲವಾದದ್ದು 1822ರಲ್ಲಿ ನಾಲ್ಕನೇ ಜಾರ್ಜ್ ಎಡಿನ್‌ಬರೊಕ್ಕೆ ಭೇಟಿ ಕೊಟ್ಟ ಸಂಭ್ರಮದ ಸುತ್ತಮುತ್ತ. ದಬ್ಬಾಳಿಕೆಗೆ ಒಳಗಾದ ಒಂದು ಜನಾಂಗದ ಬಟ್ಟೆಯನ್ನು ಕೆಲವೇ ದಶಕಗಳಲ್ಲಿ ಅದೇ ಸಾಮ್ರಾಜ್ಯ ತನ್ನ ಅಲಂಕಾರವಾಗಿ ಮಾಡಿಕೊಂಡ ಈ ಕಥೆಯನ್ನು ಓದಿದಾಗ ನನಗೆ ಸ್ಕಾಟ್ಲೆಂಡಿನವರ ಬಗ್ಗೆ ಆತ್ಮೀಯತೆಯೇ ಹುಟ್ಟಿತು. ನಮ್ಮ ನೇಕಾರರಿಗೆ ಚೌಕುಳಿ ಕಲಿಸಿದವರು ಅವರಲ್ಲ ಎಂಬುದಂತೂ ಕಾಲದ ಲೆಕ್ಕದಿಂದಲೇ ಸ್ಪಷ್ಟ.

ಕೋಟೆಯಿಂದ ಗಿನಿ ಕರಾವಳಿಗೆ

ಈಸ್ಟ್ ಇಂಡಿಯಾ ಕಂಪೆನಿಯ ಫ್ರಾನ್ಸಿಸ್ ಡೇ 1639ರಲ್ಲಿ ಮದ್ರಾಸಿನ ಮರಳುದಂಡೆಯನ್ನು ಆರಿಸಿಕೊಂಡದ್ದಕ್ಕೆ ಬಂದರಿನ ಅನುಕೂಲ ಕಾರಣವಲ್ಲ. ಅಲ್ಲಿ ಬಂದರೇ ಇರಲಿಲ್ಲ, ಹಡಗುಗಳು ದೂರ ನಿಂತು ಸರಕನ್ನು ದೋಣಿಗಳಲ್ಲಿ ಸಾಗಿಸಬೇಕಿತ್ತು. ಅಲ್ಲಿ ಒಳ್ಳೆಯ ಬಟ್ಟೆ ಅಗ್ಗಕ್ಕೆ ಸಿಗುತ್ತಿತ್ತು. ಕೋಟೆ ಎದ್ದ ಮೇಲೆ ನೇಕಾರರನ್ನು ಕರೆತಂದು ಸುತ್ತಮುತ್ತ ಕೂರಿಸಿದರು. ಕಂಪೆನಿ ವರ್ತಕರಿಗೆ ಮುಂಗಡ ಕೊಡುತ್ತಿತ್ತು, ವರ್ತಕರು ನೇಕಾರರಿಗೆ ಕೊಡುತ್ತಿದ್ದರು, ಬಟ್ಟೆ ಅದೇ ದಾರಿಯಲ್ಲಿ ಹಿಂದಕ್ಕೆ ಬರುತ್ತಿತ್ತು. ಆರಂಭದ ಕಾಲದಲ್ಲಿ ನೇಕಾರ ಅಷ್ಟೊಂದು ದುರ್ಬಲನಾಗಿರಲಿಲ್ಲ. ಪಡೆದ ಮುಂಗಡವನ್ನು ಹಿಂದಿರುಗಿಸಿ ಕರಾರಿನಿಂದ ಹೊರಬರುವ, ಹೆಚ್ಚು ಬೆಲೆ ಕೊಡುವ ಡಚ್ಚರಿಗೋ ಫ್ರೆಂಚರಿಗೋ ನೇಯುವ ದಾರಿ ಅವನಿಗಿತ್ತು. ಹದಿನೆಂಟನೇ ಶತಮಾನದ ಉತ್ತರಾರ್ಧದಲ್ಲಿ ರಾಜ್ಯಾಧಿಕಾರವೂ ಕಂಪೆನಿಯ ಕೈಸೇರಿದ ಮೇಲೆ ಆ ದಾರಿ ಮುಚ್ಚಿಹೋಯಿತು. ಮಧ್ಯವರ್ತಿ ವರ್ತಕರನ್ನು ತೆಗೆದು ಕಂಪೆನಿ ತನ್ನ ಗುಮಾಸ್ತರನ್ನು ನೇರವಾಗಿ ಹಳ್ಳಿಗಳಿಗೆ ಕಳಿಸಿತು. ಬೇರೆಯವರಿಗೆ ನೇಯುವುದು ಅಪರಾಧವಾಯಿತು. ಮಗ್ಗದ ಮೇಲಿನ ತೆರಿಗೆ ಬೇರೆ. ಮದ್ರಾಸ್ ಪ್ರಾಂತದಲ್ಲಿ ಮೋತುರ್ಫಾ ಎಂಬ ಈ ಕಸುಬಿನ ತೆರಿಗೆ ಹತ್ತೊಂಬತ್ತನೇ ಶತಮಾನದ ನಡುಭಾಗ ದಾಟುವವರೆಗೂ ಇತ್ತು.

ಈ ಬಟ್ಟೆ ಎಲ್ಲಿಗೆ ಹೋಗುತ್ತಿತ್ತು ಎಂಬುದು ನನ್ನ ನಿದ್ದೆಗೆಡಿಸಿದ ಭಾಗ. ಭಾರತದ ಬಣ್ಣದ ಬಟ್ಟೆ ತಮ್ಮ ಉಣ್ಣೆ, ರೇಷ್ಮೆಯ ಕಸುಬನ್ನು ಹಾಳುಮಾಡುತ್ತದೆ ಎಂದು ಇಂಗ್ಲೆಂಡಿನ ನೇಕಾರರು ಗಲಾಟೆ ಎಬ್ಬಿಸಿದ್ದರಿಂದ ಅಲ್ಲಿನ ಸಂಸತ್ತು 1700ರಲ್ಲಿ ಒಮ್ಮೆ, 1721ರಲ್ಲಿ ಇನ್ನೂ ಬಿಗಿಯಾಗಿ ಕಾನೂನು ಮಾಡಿತು. ಇಂಗ್ಲೆಂಡಿನೊಳಗೆ ಅಂಥ ಬಟ್ಟೆ ಉಡಕೂಡದು, ಆದರೆ ಅದನ್ನು ತರಿಸಿ ಹೊರದೇಶಕ್ಕೆ ಮಾರಬಹುದು. ಹಾಗೆ ಲಂಡನ್ನಿನ ಉಗ್ರಾಣಗಳಲ್ಲಿ ಇಳಿದ ಬಟ್ಟೆಯ ದೊಡ್ಡ ಪಾಲು ಪಶ್ಚಿಮ ಆಫ್ರಿಕಾದ ಗಿನಿ ಕರಾವಳಿಗೆ ಹೋಯಿತು. ಅಲ್ಲಿ ಬಟ್ಟೆಯನ್ನು ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದರು. ಆಫ್ರಿಕಾದ ಕರಾವಳಿಯಲ್ಲಿ ಗುಲಾಮರಿಗೆ ಬದಲಾಗಿ ಇಳಿಸಿದ ಸರಕುಗಳಲ್ಲಿ ಮದ್ದುಗುಂಡು, ಮದ್ಯ, ಲೋಹ ಎಲ್ಲಕ್ಕಿಂತ ಹೆಚ್ಚಿನ ಪಾಲು ಬಟ್ಟೆಯದೇ. ಅದರಲ್ಲೂ ಹದಿನೆಂಟನೇ ಶತಮಾನದ ಬಹುಕಾಲ ಭಾರತದ ಹತ್ತಿಬಟ್ಟೆಗೆ ಮುಂಚೂಣಿಯ ಸ್ಥಾನವಿತ್ತು. ಕೋರಮಂಡಲದ ಯಾವುದೋ ಹಳ್ಳಿಯಲ್ಲಿ ಒಬ್ಬಾತ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು, ಗೆರೆ ತಪ್ಪದಂತೆ ಎಳೆ ಎಣಿಸಿ ನೇಯ್ದ ರುಮಾಲು ಇನ್ನೊಂದು ದಡದಲ್ಲಿ ಒಬ್ಬ ಮನುಷ್ಯನ ಬೆಲೆಯ ಭಾಗವಾಗಿತ್ತು. ನೇಯ್ದವನಿಗೆ ಇದು ತಿಳಿದಿರುವ ಸಂಭವವೇ ಇಲ್ಲ.

ಮದ್ರಾಸಿನ ಬಟ್ಟೆಯ ಹಣ ಹೋದ ಇನ್ನೊಂದು ದಾರಿಯನ್ನೂ ಹೇಳಬೇಕು. ಎಲಿಹು ಯೇಲ್ 1687ರಿಂದ 1692ರವರೆಗೆ ಸೇಂಟ್ ಜಾರ್ಜ್ ಕೋಟೆಯ ಗವರ್ನರನಾಗಿದ್ದು, ಖಾಸಗಿ ವ್ಯಾಪಾರದಿಂದ ಅಪಾರ ಗಂಟು ಮಾಡಿಕೊಂಡು ಇಂಗ್ಲೆಂಡಿಗೆ ಮರಳಿದವನು. 1718ರಲ್ಲಿ ಅವನು ಅಮೆರಿಕದ ಒಂದು ಬಡ ಕಾಲೇಜಿಗೆ 417 ಪುಸ್ತಕಗಳನ್ನು, ರಾಜನ ಒಂದು ಚಿತ್ರವನ್ನು, ಒಂಬತ್ತು ಮೂಟೆ ಸರಕನ್ನು ಕಳಿಸಿದ. ಮೂಟೆಗಳನ್ನು ಮಾರಿ ಬಂದ 562 ಪೌಂಡಿನಲ್ಲಿ ಕಟ್ಟಡ ಎದ್ದಿತು, ಕಾಲೇಜಿಗೆ ಅವನ ಹೆಸರು ಬಂತು. ತಮ್ಮನ ಅಂಗಿಯ ಚೀಟಿ ಹೊಗಳುವ ಬೇಸಗೆಯ ಉಡುಪಿನ ಕಾಲೇಜುಗಳಲ್ಲಿ ಆ ಯೇಲ್ ಕೂಡ ಒಂದು.

ಆದರೆ ಈ ಕಥೆಯಲ್ಲಿ ಆಫ್ರಿಕಾದವರು ಬರೀ ಸುಮ್ಮನೆ ಪಡೆದುಕೊಂಡವರಾಗಿರಲಿಲ್ಲ, ಮತ್ತು ನನಗೆ ಅತ್ಯಂತ ಹತ್ತಿರವಾಗಿ ಕಂಡದ್ದು ಇದೇ ಸಂಗತಿ. ಮ್ಯಾಂಚೆಸ್ಟರಿನವರು ಭಾರತದ ಚೌಕುಳಿಯನ್ನು ನಕಲು ಮಾಡಲು ಹದಿನೆಂಟನೇ ಶತಮಾನದ ಉದ್ದಕ್ಕೂ ಹೆಣಗಿದರು. ಜಾನ್ ಕೇ 1733ರಲ್ಲಿ ಹೊಕ್ಕಿನ ಎಳೆಯನ್ನು ಹೊತ್ತು, ದಾರ ಎಳೆದರೆ ತಾನೇ ಓಡುವ ಲಾಳಿಯನ್ನು ತಂದ. ಅವನ ಮಗ ರಾಬರ್ಟ್ 1760ರಲ್ಲಿ, ಬೇರೆ ಬೇರೆ ಬಣ್ಣದ ಲಾಳಿಗಳನ್ನು ಒಂದರ ಮೇಲೊಂದು ಇಟ್ಟು ಬೇಕಾದದ್ದನ್ನು ಮೇಲೆ ಕೆಳಗೆ ಸರಿಸುವ ಪೆಟ್ಟಿಗೆಯನ್ನು ಸೇರಿಸಿದ. ಈ ಎರಡನೆಯದು ಚೌಕುಳಿಗೆಂದೇ ಹೇಳಿಮಾಡಿಸಿದ ಉಪಕರಣ. ಇಷ್ಟಾದರೂ ಕರಾವಳಿಯ ಆಫ್ರಿಕಾದ ವ್ಯಾಪಾರಿಗಳು ಬಟ್ಟೆಯನ್ನು ಮುಟ್ಟಿ, ಮೂಸಿ, ಬಣ್ಣದ ಗಟ್ಟಿತನ ನೋಡಿ, ಇಂಗ್ಲೆಂಡಿನ ನಕಲನ್ನು ಪಕ್ಕಕ್ಕಿಟ್ಟು ಭಾರತದ್ದೇ ಬೇಕೆಂದು ಹಟ ಹಿಡಿದ ಬಗ್ಗೆ ವರ್ತಕರ ಕಾಗದಪತ್ರಗಳಲ್ಲಿ ಗೊಣಗಾಟ ತುಂಬಿದೆ. ಯಾವ ಗೆರೆ ಎಷ್ಟು ಅಗಲ ಇರಬೇಕು, ಕೆಂಪು ಎಷ್ಟು ಗಾಢವಾಗಿರಬೇಕು ಎಂಬುದನ್ನು ಕಂಪೆನಿಯ ಸಾಹೇಬರು ತೀರ್ಮಾನಿಸುತ್ತಿರಲಿಲ್ಲ, ಅವರು ಅಲ್ಲಿಯ ರುಚಿಯನ್ನು ಇಲ್ಲಿಗೆ ದಾಟಿಸುತ್ತಿದ್ದರು ಅಷ್ಟೆ.

ನೈಜೀರಿಯಾದ ನೈಜರ್ ನದಿಯ ಮುಖಜಭೂಮಿಯಲ್ಲಿರುವ ಕಲಬರಿ ಜನರಲ್ಲಿ ಈ ಬಟ್ಟೆ ಇಂಜಿರಿ ಎಂಬ ಹೆಸರಿನಲ್ಲಿ ಇಂದಿಗೂ ಪೂಜ್ಯ. ಹುಟ್ಟಿದ ಮಗುವನ್ನು ಅದರಲ್ಲಿ ಸುತ್ತುತ್ತಾರೆ, ಹಿರಿಯರು ತೀರಿಕೊಂಡಾಗ ಮನೆತನದ ಪೆಟ್ಟಿಗೆಯಿಂದ ಹಳೆಯ ಇಂಜಿರಿಗಳನ್ನು ತೆಗೆದು ಶವ ಮಲಗಿಸುವ ಮಂಚವನ್ನು ಅಲಂಕರಿಸುತ್ತಾರೆ. ಅವರ ಹೆಂಗಸರು ಇದಕ್ಕಿಂತಲೂ ಮುಂದೆ ಹೋದರು. ಭಾರತದಿಂದ ಬಂದ ಚೌಕುಳಿಯಲ್ಲಿ ಸೂಜಿಯಿಂದ ತಿಳಿಬಣ್ಣದ ಎಳೆಗಳನ್ನು ಎತ್ತಿ, ಬ್ಲೇಡಿನಿಂದ ಕತ್ತರಿಸಿ, ಒಂದೊಂದಾಗಿ ಎಳೆದು ತೆಗೆದು, ಉಳಿದ ಎಳೆಗಳಿಂದ ತಮ್ಮದೇ ಆದ ಹೊಸ ವಿನ್ಯಾಸವನ್ನು ಮೂಡಿಸಿದರು. ಹಾಗೆ ಕತ್ತರಿಸಿದ ಮೇಲೆಯೇ ಅದು ಪೂರ್ತಿಯಾಗಿ ಕಲಬರಿಯ ಬಟ್ಟೆಯಾಗುವುದು. ಅಟ್ಲಾಂಟಿಕಿನ ಆಚೆ ದಡದಲ್ಲೂ ಅಷ್ಟೆ. ಲೂಸಿಯಾನಾದ ಸ್ಪೇನಿನ ಗವರ್ನರ್ ಮಿರೊ 1786ರಲ್ಲಿ ಕರಿಯ ಹೆಂಗಸರು ತಲೆಗೂದಲನ್ನು ಬಟ್ಟೆಯಿಂದ ಮುಚ್ಚಿಕೊಳ್ಳಲೇಬೇಕೆಂದು ಆಜ್ಞೆ ಹೊರಡಿಸಿದಾಗ, ಅವರು ಅವಮಾನಕ್ಕೆಂದು ವಿಧಿಸಿದ ಆ ಬಟ್ಟೆಯನ್ನೇ ಹೊಳೆಯುವ ಚೌಕುಳಿಯಲ್ಲಿ ಎತ್ತರವಾಗಿ ಸುತ್ತಿ ಮೆರೆದರು. ಕೆರಿಬಿಯನ್ ದ್ವೀಪಗಳಾದ ಮಾರ್ಟಿನಿಕ್, ಡೊಮಿನಿಕಾ, ಸೇಂಟ್ ಲೂಸಿಯಾಗಳಲ್ಲಿ ಮದ್ರಾಸ್ ಚೌಕುಳಿ ಇಂದು ಹಬ್ಬದ ಉಡುಪು.

ನಮ್ಮ ಊರಿನ ಕಾರ್ಖಾನೆ

ಇಷ್ಟು ದೂರ ಹೋಗಿ ಬಂದ ಮೇಲೆ ನಮ್ಮ ಅಂಗಳದ ಕಡೆ ನೋಡದಿದ್ದರೆ ಅದು ನ್ಯಾಯವಲ್ಲ. ಗಿನಿಗೆ ಹೋದ ರುಮಾಲುಗಳು ಮಂಗಳೂರಿನಲ್ಲಿ ನೇಯ್ದವಲ್ಲ. ನಮ್ಮ ಬಂದರಿನಿಂದ ಹೋಗುತ್ತಿದ್ದುದು ಮುಖ್ಯವಾಗಿ ಅಕ್ಕಿ, ಮೆಣಸು. ಆದರೆ 1799ರಲ್ಲಿ ಟಿಪ್ಪು ಮಡಿದ ನಂತರ ಈ ಕರಾವಳಿ ಕಂಪೆನಿಯ ಮದ್ರಾಸ್ ಆಡಳಿತಕ್ಕೆ ಸೇರಿತು, 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಕೊಟ್ಟ ಮೇಲೂ ದಕ್ಷಿಣ ಕನ್ನಡ ಮದ್ರಾಸಿನೊಂದಿಗೇ ಉಳಿಯಿತು. 1956ರವರೆಗೆ ನಮ್ಮ ಅಜ್ಜಿಯಂದಿರು ಉಟ್ಟ ಸೀರೆಗಳೆಲ್ಲ ಆಡಳಿತದ ಲೆಕ್ಕದಲ್ಲಿ ಮದ್ರಾಸಿನ ಸೀರೆಗಳೇ.

ಮಂಗಳೂರಿನ ಬಟ್ಟೆಯ ಇತಿಹಾಸವೆಂದರೆ ಎಲ್ಲರಿಗೂ ನೆನಪಾಗುವುದು ಬಾಸೆಲ್ ಮಿಶನ್. 1834ರಲ್ಲಿ ಬಂದ ಆ ಮಿಶನರಿಗಳು ನಮಗೆ ಮುದ್ರಣಾಲಯ, ಪತ್ರಿಕೆ, ಹಂಚು ಎಲ್ಲವನ್ನೂ ಕೊಟ್ಟದ್ದನ್ನು ಶಾಲೆಯಲ್ಲೇ ಕಲಿತಿದ್ದೇವೆ. ನೇಯ್ಗೆಯನ್ನು ಅವರು ಹಿಡಿದ ಕಾರಣ ಅಷ್ಟಾಗಿ ಚರ್ಚೆಯಾಗುವುದಿಲ್ಲ. ಮತಾಂತರವಾದವರಲ್ಲಿ ಬಹಳ ಮಂದಿ ಬಿಲ್ಲವರು. ಕಳ್ಳು ಇಳಿಸುವುದನ್ನು ಮಿಶನ್ ಒಪ್ಪುತ್ತಿರಲಿಲ್ಲ, ಜಾತಿ ಬಿಟ್ಟವರಿಗೆ ಊರಿನ ಭೂಮಾಲೀಕರು ಗೇಣಿಗೆ ಗದ್ದೆ ಕೊಡುವುದೂ ಕಷ್ಟವಾಗಿತ್ತು. ಹಾಗೆ ನೆಲೆ ತಪ್ಪಿದ ಕುಟುಂಬಗಳಿಗೆ ಹೊಟ್ಟೆಪಾಡು ಒದಗಿಸುವುದು ಮಿಶನ್ನಿನ ಹೊಣೆಯಾಯಿತು. 1840ರ ದಶಕದಲ್ಲಿ ನೇಯ್ಗೆ ಸಣ್ಣದಾಗಿ ಶುರುವಾಯಿತು. 1851ರಲ್ಲಿ ಯುರೋಪಿನಲ್ಲಿ ಕಸುಬು ಕಲಿತ ಜಾನ್ ಹಾಲರ್ ಬಂದ ಮೇಲೆ ವೇಗದ ಲಾಳಿಯ ಚೌಕಟ್ಟು ಮಗ್ಗಗಳು, ಬಣ್ಣದ ಮನೆ, ಹೊಸ ಲೆಕ್ಕಾಚಾರ ಎಲ್ಲವೂ ಬಂದವು. ಖಾಕಿ ಬಣ್ಣವನ್ನು ಹಾಲರ್ ಗೇರುಬೀಜದ ಸಿಪ್ಪೆಯಿಂದ ಇಲ್ಲೇ ಹುಟ್ಟಿಸಿದ ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಪೇಶಾವರದ ಕಡೆ ಇದ್ದ ಬ್ರಿಟಿಷ್ ಅಧಿಕಾರಿ ಲಮ್ಸ್‌ಡೆನ್ನನ ಗೈಡ್ಸ್ ಪಡೆ ಅದಕ್ಕೆ ಕೆಲವು ವರ್ಷ ಮೊದಲೇ ಮಣ್ಣುಬಣ್ಣದ ಉಡುಪು ತೊಟ್ಟಿತ್ತು, ಹಾಗಾಗಿ ಮಂಗಳೂರಿಗೆ ಸಲ್ಲಬೇಕಾದದ್ದು ಆ ಬಣ್ಣವನ್ನು ಕಾರ್ಖಾನೆಯಲ್ಲಿ ಒಂದೇ ಹದದಲ್ಲಿ ತಯಾರಿಸಿದ ಕೀರ್ತಿ ಎಂಬುದು ನನ್ನ ಎಣಿಕೆ. ಆದರೆ ಸೈನ್ಯದ ಬಣ್ಣವೊಂದನ್ನು ನಮ್ಮ ಊರಿನ ಕಿರೀಟವೆಂದು ಮೆರೆಸುವ ನಾವು, ಅದೇ ಕಾರ್ಖಾನೆ ನೇಯ್ದ ಚೌಕುಳಿ ಪಂಚೆ, ಮೇಜುಬಟ್ಟೆ, ಟವೆಲುಗಳನ್ನು ಮರೆತಿರುವುದು ನನಗೆ ಸರಿಕಾಣುವುದಿಲ್ಲ.

ಆ ಕಾರ್ಖಾನೆಯ ಬಗ್ಗೆ ಒಂದೇ ಮಾತಿನಲ್ಲಿ ತೀರ್ಪು ಕೊಡಲು ನನಗೆ ಮನಸ್ಸಿಲ್ಲ. ಬೆಳಗಿನ ಗಂಟೆ ಹೊಡೆದರೆ ಪ್ರಾರ್ಥನೆ, ಪ್ರಾರ್ಥನೆ ಮುಗಿದರೆ ಮಗ್ಗ. ದಿನವನ್ನು ಸೂರ್ಯನಿಂದಲೂ ಮಳೆಯಿಂದಲೂ ಅಳೆದವರಿಗೆ ಗಡಿಯಾರದ ಶಿಸ್ತನ್ನು ಕಲಿಸಿದ ಜಾಗ ಅದು. ಆ ಶಿಸ್ತಿನಲ್ಲಿ ದಬ್ಬಾಳಿಕೆಯೂ ಇತ್ತು, ಜಾತಿಯ ಕಟ್ಟಿನಿಂದ ಹೊರಬಂದವರಿಗೆ ಕೈಯಲ್ಲಿ ರೊಕ್ಕ ಹಿಡಿದು ಮನೆಗೆ ಹೋಗುವ ಘನತೆಯೂ ಇತ್ತು. ಇದೇ ಬಾಸೆಲ್ ಮಿಶನ್ 1828ರಿಂದ ಇಂದಿನ ಘಾನಾದಲ್ಲೂ ನೆಲೆಸಿತ್ತು. ಅದರ ವ್ಯಾಪಾರದ ಕಂಪೆನಿ 1859ರಲ್ಲಿ ಹುಟ್ಟಿ ಆ ಕರಾವಳಿಯಲ್ಲಿ ತಾಳೆಯೆಣ್ಣೆ ಕೊಂಡು ಬಟ್ಟೆ ಮಾರುತ್ತಿತ್ತು. ಗುಲಾಮರ ವ್ಯಾಪಾರ ನಿಂತ ಕರಾವಳಿಯಲ್ಲಿ ಧರ್ಮಸಮ್ಮತ ವ್ಯಾಪಾರ ಬೆಳೆಸುತ್ತೇವೆ ಎಂಬುದು ಅವರ ನಂಬಿಕೆ. ಮೊದಲನೇ ಮಹಾಯುದ್ಧದಲ್ಲಿ ಜರ್ಮನ್ ಮಿಶನರಿಗಳನ್ನು ಬ್ರಿಟಿಷರು ಬಂಧಿಸಿ ಕಳಿಸಿದಾಗ ಮಂಗಳೂರಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಮಗ್ಗ ನಡೆಸುತ್ತಿದ್ದವರು ಅವರೇ ಇದ್ದರು, ಲೆಕ್ಕದ ಪುಸ್ತಕ ಮಾತ್ರ ಬದಲಾಯಿತು.

ಮಿಶನ್ನಿನ ಮಗ್ಗ ಹಳ್ಳಿಗಳಿಗೂ ಇಳಿಯಿತು. ತಲೆಮಾರುಗಳಿಂದ ನೇಯುತ್ತಿದ್ದ ಪದ್ಮಶಾಲಿ ಶೆಟ್ಟಿಗಾರರು ಗುಂಡಿಮಗ್ಗದ ಜೊತೆಗೆ ಮಲಬಾರಿನ ಚೌಕಟ್ಟು ಮಗ್ಗವನ್ನೂ ಬಳಸತೊಡಗಿದರು. ನೂಲು ಗಿರಣಿಯಿಂದ ಬಂತು. ಬಣ್ಣ ಜರ್ಮನಿಯಿಂದ ಬಂತು. ಮಂಜಿಷ್ಠದ ಕೆಂಪಿನ ಜಾಗಕ್ಕೆ 1869ರ ನಂತರ ರಾಸಾಯನಿಕ ಅಲಿಜರಿನ್ ಬಂದರೆ, ನೀಲಿಗಿಡದ ಜಾಗಕ್ಕೆ 1897ರಿಂದ ಬಿಎಎಸ್‌ಎಫ್ ಕಂಪೆನಿಯ ಕೃತಕ ನೀಲಿ ಬಂತು. (ಆ ಕಂಪೆನಿಯ ಒಂದು ಘಟಕ ಇಂದು ನಮ್ಮ ಸುರತ್ಕಲ್ ಪಕ್ಕದ ಬಾಳದಲ್ಲಿದೆ. ಆ ದಾರಿಯಲ್ಲಿ ಹೋಗುವಾಗಲೆಲ್ಲ ನನಗೆ ನೀಲಿಯ ಈ ಕಥೆ ನೆನಪಾಗುತ್ತದೆ.) 2016ರಲ್ಲಿ ಉಡುಪಿ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸಂತೋಷವೇ. ಆದರೆ ಅದರ ಬಗ್ಗೆ ಮಾತನಾಡುವಾಗ ನಾವು ಸಾವಿರಾರು ವರ್ಷಗಳಿಂದ ಬದಲಾಗದ ಪರಂಪರೆ ಎಂಬ ಮಾತನ್ನು ಸಲೀಸಾಗಿ ಬಳಸುತ್ತೇವೆ. ಅಮ್ಮನ ಸೀರೆಯ ಒಂದೊಂದು ಎಳೆಯಲ್ಲೂ ಕಾರ್ಖಾನೆ, ಮಿಶನ್, ಬಂದರು, ಪರದೇಶದ ಪ್ರಯೋಗಶಾಲೆ ಹೆಣೆದುಕೊಂಡಿವೆ, ಅವುಗಳ ನಡುವೆ ಬದುಕಿ ಉಳಿದದ್ದು ಶೆಟ್ಟಿಗಾರರ ಕೈ. ಇದನ್ನು ಹೇಳಿದರೆ ಸೀರೆಯ ಗೌರವ ಕಡಿಮೆಯಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಬಣ್ಣ ಬಿಡುವ ಬಟ್ಟೆ

ನಮ್ಮ ದೊಡ್ಡಮ್ಮನಿಗೆ ಹೊಸ ಚೌಕುಳಿ ಸೀರೆಯನ್ನು ಮೊದಲ ಸಲ ಒಗೆಯುವುದೆಂದರೆ ಒಂದು ವ್ರತವಿದ್ದಂತೆ. ಬಾವಿಕಟ್ಟೆಯ ಪಕ್ಕದ ಕಲ್ಲಿನ ಮರಿಗೆಯಲ್ಲಿ ಆಗಷ್ಟೇ ಸೇದಿದ ತಣ್ಣೀರು ತುಂಬಿ, ಒಂದು ಹಿಡಿ ಕಲ್ಲುಪ್ಪು ಹಾಕಿ, ಸೀರೆಯನ್ನು ಹಿಂಡದೆ ಮುಳುಗಿಸಿ ಇಡುತ್ತಿದ್ದರು. ಸ್ವಲ್ಪ ಹೊತ್ತಿಗೆ ನೀರು ಕೆಂಪಾಗುತ್ತಿತ್ತು. ದೊಡ್ಡಪ್ಪನ ಬಿಳಿ ಮುಂಡು ಹತ್ತಿರ ಸುಳಿಯಕೂಡದು. ಒಣಹಾಕುವುದು ನೆರಳಿನಲ್ಲಿ, ಮಗುಚಿ. ಎರಡು ಮೂರು ಒಗೆತಗಳ ನಂತರ ಚೌಕಗಳ ಅಂಚು ಮೆದುವಾಗಿ, ಪಕ್ಕಪಕ್ಕದ ಬಣ್ಣಗಳು ಒಂದಕ್ಕೊಂದು ಸ್ವಲ್ಪವೇ ಸೇರಿಕೊಂಡು, ಹೊಸತರಲ್ಲಿ ಇಲ್ಲದ ಒಂದು ಚಂದ ಬರುತ್ತಿತ್ತು. "ಈಗ ನೋಡು, ಇದು ಸೀರೆ ಆಯಿತು" ಎನ್ನುತ್ತಿದ್ದರು ದೊಡ್ಡಮ್ಮ. ಪೆಟ್ಟಿಗೆಯಿಂದ ತೆಗೆದ ಹೊಸ ಸೀರೆಗೆ ಅವರು ಆ ಮರ್ಯಾದೆ ಕೊಟ್ಟದ್ದನ್ನು ನಾನು ನೋಡಿಲ್ಲ.

ದೊಡ್ಡಮ್ಮನಿಗೆ ಗೊತ್ತಿದ್ದ ಇದೇ ಸಂಗತಿಯಿಂದ 1958ರಲ್ಲಿ ನ್ಯೂಯಾರ್ಕಿನಲ್ಲಿ ದೊಡ್ಡ ಗೊಂದಲವಾಯಿತು. ನಮ್ಮ ನೆರೆಯ ಕಣ್ಣೂರಿನ ಕೈಮಗ್ಗದ ವ್ಯಾಪಾರದಿಂದ ಬೆಳೆದು, ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ ಕ್ಯಾಪ್ಟನ್ ಕೃಷ್ಣನ್ ನಾಯರ್ ಅವರು ಈ ಪ್ರಸಂಗವನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಅವರಿಂದ ಮದ್ರಾಸ್ ಚೌಕುಳಿಯನ್ನು ಕೊಂಡ ಅಮೆರಿಕದ ಆಮದುದಾರನಿಗೆ ತಣ್ಣೀರಿನಲ್ಲಿ ಮೆತ್ತಗೆ ಒಗೆಯಬೇಕು ಎಂದು ಅವರು ಎಚ್ಚರಿಸಿದ್ದರು. ಆತ ಬಟ್ಟೆಯನ್ನು ಬ್ರೂಕ್ಸ್ ಬ್ರದರ್ಸ್ ಎಂಬ ಹೆಸರಾಂತ ಉಡುಪಿನ ಅಂಗಡಿಗೆ ಮಾರಿದ, ಎಚ್ಚರಿಕೆಯನ್ನು ದಾಟಿಸಲಿಲ್ಲ. ಯಂತ್ರದಲ್ಲಿ ಬಿಸಿನೀರಿಗೆ ಹಾಕಿದ ಅಂಗಿಗಳು ಬಣ್ಣ ಬಿಟ್ಟವು, ಕೊಂಡವರು ದೂರುಗಳ ಮಳೆ ಸುರಿಸಿದರು, ಮೊಕದ್ದಮೆಯ ಮಾತು ಎದ್ದಿತು. ಕೊನೆಗೆ ಜಾಹೀರಾತಿನವರ ಬುದ್ಧಿಯಿಂದ ದೋಷವೇ ಗುಣವಾಯಿತು. ಪ್ರತಿ ಒಗೆತಕ್ಕೂ ಹೊಸ ರೂಪ ತಾಳುವ ಬಟ್ಟೆ, ಬಣ್ಣ ಬಿಡುವುದು ಖಂಡಿತ ಎಂದು ಮಾರಿದರು, ಜನ ಮುಗಿಬಿದ್ದು ಕೊಂಡರು. ಇಲ್ಲಿ ನನಗೆ ನೋವು ತರುವುದು ಮೋಸವಲ್ಲ, ಮೋಸ ಯಾರೂ ಮಾಡಲಿಲ್ಲ. ಬಟ್ಟೆಯ ಜೊತೆಗೆ ಹೋಗಬೇಕಿದ್ದ ತಿಳಿವಳಿಕೆ ದಾರಿಯಲ್ಲಿ ಉದುರಿಹೋಗುತ್ತದೆ, ಅದರ ಜಾಗಕ್ಕೆ ಹೊಸ ಕಥೆಯೊಂದು ಬರುತ್ತದೆ, ಕಥೆ ಕಟ್ಟಿದವರಿಗೆ ಹಣ ಬರುತ್ತದೆ. ಹೇಗೆ ಒಗೆಯಬೇಕು ಎಂದು ಮೊದಲಿನಿಂದಲೂ ಬಲ್ಲವರ ಮಾತು ಆ ಕಥೆಯಲ್ಲಿ ಎಲ್ಲಿಯೂ ಇಲ್ಲ.

ಕಿನ್ನಿಗೋಳಿಯ ಮಗ್ಗದ ಬಳಿ

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲಿ ಕಿನ್ನಿಗೋಳಿಯ ಆಸುಪಾಸಿನ ನೇಕಾರರ ಮನೆಯೊಂದಕ್ಕೆ ಹೋಗಿದ್ದೆ. ಆ ಕಡೆ ತಾಳಿಪಾಡಿಯ ನೇಕಾರರ ಸಹಕಾರ ಸಂಘದಂಥವು ಬಹುಕಾಲದಿಂದ ಕೆಲಸ ಮಾಡುತ್ತಿವೆ, ಈಚೆಗೆ ಕದಿಕೆ ಟ್ರಸ್ಟಿನಂಥವರು ಉಡುಪಿ ಸೀರೆಯನ್ನು ಮತ್ತೆ ಮಗ್ಗಕ್ಕೆ ತರಲು ಶ್ರಮಿಸುತ್ತಿದ್ದಾರೆ. ನಾನು ಹೋದ ಮನೆಯ ಅಕ್ಕ ಎಪ್ಪತ್ತು ದಾಟಿದವರು. ಜಗಲಿಯ ಪಕ್ಕದ ಇಕ್ಕಟ್ಟಾದ ಕೋಣೆಯಲ್ಲಿ ಮಗ್ಗ. ಮಳೆ ಬಿದ್ದು ಗಾಳಿಯಲ್ಲಿ ಪಸೆ ಇದ್ದುದರಿಂದ ಹಾಸಿನ ಎಳೆಗಳಿಗೆ ಹಾಕಿದ ಅಕ್ಕಿಗಂಜಿ ಸರಿಯಾಗಿ ಒಣಗಿಲ್ಲವೆಂದು ಅವರಿಗೆ ಬೇಸರ. ನಾವು ತುಳುವಿನಲ್ಲೇ ಮಾತನಾಡಿದೆವು.

ಅವರ ಎಡಗೈ ಪಕ್ಕದಲ್ಲಿ ಒಂದು ಬಿದಿರಿನ ಕಡ್ಡಿ ಇತ್ತು, ಕಿರುಬೆರಳಿನಷ್ಟು ಉದ್ದ. ಅದರ ಮೇಲೆ ಶಾಯಿಯಲ್ಲಿ ಎರಡು ಗೀಟು. ಹಸಿರು ಹೊಕ್ಕಿನ ಕೆಲವು ಎಳೆ ಹಾಕಿದ ಮೇಲೆ ಕಡ್ಡಿಯನ್ನು ನೇಯ್ದ ಬಟ್ಟೆಯ ಮೇಲಿಟ್ಟು ನೋಡುತ್ತಿದ್ದರು. ಗೀಟಿಗೆ ಬಂದರೆ ಲಾಳಿ ಬದಲು, ಬಾರದಿದ್ದರೆ ಇನ್ನೊಂದು ಎಳೆ. ಹಾಸಿನ ಗೆರೆಗಳ ಅಗಲ ಮಗ್ಗಕ್ಕೆ ಏರಿಸುವಾಗಲೇ ತೀರ್ಮಾನವಾಗಿರುತ್ತದೆ, ಅದನ್ನು ಮತ್ತೆ ಬದಲಿಸಲಾಗದು. ಹೊಕ್ಕಿನ ಗೆರೆ ಮಾತ್ರ ಪ್ರತಿ ಸಲವೂ ನೇಯುವವರ ಕೈಯ ಪೆಟ್ಟಿಗೆ ಬಿಟ್ಟದ್ದು. ಬೆಳಿಗ್ಗೆ ಹಲಗೆ ಬಡಿಯುವ ಬಲ ಹೆಚ್ಚು, ಸಂಜೆಗೆ ಕಡಿಮೆ. ಹಾಗಾಗಿ ಬರೀ ಎಣಿಸಿದರೆ ಸಾಲದು, ಸಂಜೆಯ ಚೌಕ ಉದ್ದವಾಗುತ್ತದೆ ಎಂದರು. ಕಡ್ಡಿ ಇರುವುದು ಅದಕ್ಕೆ. ಮಾವನವರ ಕಾಲದಲ್ಲಿ ಬೇರೆ ಬೇರೆ ಚೌಕಕ್ಕೆ ಬೇರೆ ಬೇರೆ ಕಡ್ಡಿಗಳಿದ್ದು, ಅವೆಲ್ಲವನ್ನೂ ಗೋಡೆಯ ಸಂದಿಯಲ್ಲಿ ಸಿಕ್ಕಿಸಿಡುತ್ತಿದ್ದರಂತೆ.

ಕಂಪೆನಿಯ ಮುಂಗಡದ ಪದ್ಧತಿಯನ್ನು ನಾನು ವಿವರಿಸಿದಾಗ ಅವರು ಆಶ್ಚರ್ಯಪಡಲಿಲ್ಲ. ಸಂಘ ಸೇರುವ ಮೊದಲು ಮಾವನವರೂ ಪೇಟೆಯ ವ್ಯಾಪಾರಿಯಿಂದ ನೂಲನ್ನೂ ಸ್ವಲ್ಪ ಹಣವನ್ನೂ ಮುಂಚಿತವಾಗಿ ತಂದು ನೇಯುತ್ತಿದ್ದರು, ಹೊರಗೆ ಒಂದು ಸೀರೆ ಮಾರುವಂತಿರಲಿಲ್ಲ, ಮಳೆಗಾಲದ ಆಟಿ ತಿಂಗಳಲ್ಲಿ ಪಡೆದ ಸಾಲ ವರ್ಷವಿಡೀ ತೀರುತ್ತಿರಲಿಲ್ಲ ಎಂದರು. ಸಂಘ ಬಂದ ಮೇಲೆ ನೂಲು ಸಂಘದ್ದು, ಕೂಲಿ ಸೀರೆಗಿಷ್ಟು ಎಂದು ನಿಗದಿ, ಪುಸ್ತಕದಲ್ಲಿ ತನ್ನ ಹೆಸರು. ಕೂಲಿ ಸಾಲದು, ಅದಕ್ಕೇ ಮಕ್ಕಳು ಮಗ್ಗ ಮುಟ್ಟಲಿಲ್ಲ ಎಂಬುದನ್ನೂ ಅಷ್ಟೇ ನೇರವಾಗಿ ಹೇಳಿದರು. ಉಡುಪಿ ಸೀರೆ ಉಳಿಯಬೇಕೆಂದು ಬಯಸುವ ನಮ್ಮಂಥವರು ಮೊದಲು ಕೇಳಬೇಕಾದ ಪ್ರಶ್ನೆ ಆ ಕೂಲಿಯದು, ಪರಂಪರೆಯ ಮಾತು ಆಮೇಲೆ ಎಂದು ನನಗೆ ಅಲ್ಲಿ ಕೂತಾಗ ಗಟ್ಟಿಯಾಗಿ ಅನ್ನಿಸಿತು.

ಕಲಬರಿಯ ಹೆಂಗಸರು ಎಳೆ ಕತ್ತರಿಸಿ ತೆಗೆದ ಬಟ್ಟೆಯ ಚಿತ್ರವನ್ನು ಫೋನಿನಲ್ಲಿ ತೋರಿಸಿದೆ. ನೇಯ್ದದ್ದನ್ನು ಕತ್ತರಿಸಿದ್ದಾರೆಂದು ಅವರಿಗೆ ಬೇಸರವಾಗಬಹುದೆಂಬ ಅಂಜಿಕೆ ನನಗಿತ್ತು. ಅವರು ಕನ್ನಡಕ ಹಾಕಿಕೊಂಡು ಚಿತ್ರವನ್ನು ದೊಡ್ಡದು ಮಾಡಿಸಿ ಬಹಳ ಹೊತ್ತು ನೋಡಿದರು. ಹಾಸಿನಲ್ಲೂ ತೆಗೆದಿದ್ದಾರೆ, ಹೊಕ್ಕಿನಲ್ಲೂ ತೆಗೆದಿದ್ದಾರೆ, ಹಾಗಿದ್ದೂ ಉಳಿದದ್ದು ಜಾರಿಲ್ಲ ಎಂದರೆ ಮೊದಲ ನೇಯ್ಗೆ ಒತ್ತಾಗಿ ಇದ್ದಿರಬೇಕು ಎಂದರು. ಅರುವತ್ತರ ಸಪೂರ ನೂಲಾದರೆ ಆದೀತು, ನಲುವತ್ತರ ದಪ್ಪ ನೂಲು ಬಿಚ್ಚಿಕೊಳ್ಳುತ್ತದೆ. "ಕತ್ತರಿಸಲಿಕ್ಕೆ ಅಂತಲೇ ನೇಯುವುದಾದರೆ ತಿಳಿಬಣ್ಣದ ಎಳೆಗೆ ಗಂಜಿ ಕಡಿಮೆ ಹಾಕಬೇಕು ಅಮ್ಮ, ಇಲ್ಲದಿದ್ದರೆ ಎಳೆಯುವಾಗ ಪಕ್ಕದ್ದನ್ನೂ ಹಿಡಿದುಕೊಂಡು ಬರುತ್ತದೆ. ಎಷ್ಟು ಎಳೆ ತಿಳಿ, ಎಷ್ಟು ಎಳೆ ಗಾಢ ಅಂತ ಅವರು ಅಳತೆ ಕಳಿಸಿದರೆ ಒಂದು ಕಡ್ಡಿ ಮಾಡಿಕೊಳ್ಳಬಹುದು" ಎಂದು ಹೇಳಿ, ಚಿತ್ರದಲ್ಲಿ ಕಾಣುವ ಗೆರೆಗಳನ್ನು ಬೆರಳಿನಿಂದ ಎಣಿಸತೊಡಗಿದರು.